ತೆರಿಗೆ ಬಗ್ಗೆ ಬುದ್ಧ ಏನು ಹೇಳಿದ್ದಾನೆ? ಅಣ್ಣ-ತಮ್ಮರ ಒಂದು ಜಗಳದ ಸುತ್ತ

ಪ್ರಶ್ನೆ: ಜಮಖಂಡಿ ಕಡೆಯ ಒಂದು ಊರಿನಲ್ಲಿ ನಾನು ಮತ್ತು ನಮ್ಮಣ್ಣ ಸೇರಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತೇವೆ. ಎರಡು ವರ್ಷದ ಹಿಂದೆ ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಹೋಗಿ ಬಂದೆ. ಪಂಚಶೀಲ, ಅಂದರೆ ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು ಮುಂತಾದ ಐದು ನಿಯಮ, ಪಾಲಿಸಬೇಕು ಅಂತ ಮನಸ್ಸು ಮಾಡಿದೆ. ಆವತ್ತಿನಿಂದ ತೆರಿಗೆ ಲೆಕ್ಕಕ್ಕೆ ಬಾರದ ಕಚ್ಚಾ ಚೀಟಿ ಬರೆಯಲು ಕೈ ಬರುತ್ತಿಲ್ಲ. ಅಣ್ಣ ಹೇಳುತ್ತಾನೆ: "ಸರ್ಕಾರನೇ ದೊಡ್ಡ ಕಳ್ಳ. ಕಳ್ಳನಿಂದ ಉಳಿಸಿಕೊಂಡರೆ ಅದು ಕಳ್ಳತನ ಹೆಂಗ ಆಗತದ? ನಾವು ಚೆನ್ನಮ್ಮನ ಸೀಮೆಯವರು, ಕಪ್ಪ ಯಾಕೆ ಕೊಡಬೇಕು?" ಧ್ಯಾನಕ್ಕೆ ಜೊತೆಗೆ ಕೂರುವ ಗೆಳೆಯ ಇನ್ನೊಂದು ಹೇಳುತ್ತಾನೆ: "ಬುದ್ಧ ಎಲ್ಲ ದೃಷ್ಟಿಗಳನ್ನೂ, ಅಂದರೆ ಗಟ್ಟಿ ಹಿಡಿದ ಅಭಿಪ್ರಾಯಗಳನ್ನೂ ಬಿಡು ಅಂದ. ತೆರಿಗೆ ಕಟ್ಟಲೇಬೇಕು ಅನ್ನುವ ನಿನ್ನ ಹಟವೂ ಒಂದು ಅಂಟು. ಬಿಟ್ಟುಬಿಡು." ತೆರಿಗೆ ಹಣದಲ್ಲಿ ಶಸ್ತ್ರ ಕೊಳ್ಳುತ್ತಾರಲ್ಲ, ಅದರ ಪಾಪ ನನಗೂ ತಟ್ಟುತ್ತದಾ ಅನ್ನುವ ಚಿಂತೆ ಬೇರೆ. ಅಣ್ಣನ ಜೊತೆ ಕೂತು ಉಂಡು ಎರಡು ತಿಂಗಳಾಯಿತು. ಬುದ್ಧ ತೆರಿಗೆ ಬಗ್ಗೆ ಏನಾದರೂ ಹೇಳಿದ್ದಾನಾ?

ಉತ್ತರ: ಹೇಳಿದ್ದಾನೆ. ನೀವು ಅಂದುಕೊಂಡಿದ್ದಕ್ಕಿಂತ ನೇರವಾಗಿಯೇ ಹೇಳಿದ್ದಾನೆ.

ನಾವು ದಿನಾ ಆಡುವ 'ಸುಂಕ' ಅನ್ನುವ ಮಾತು ಬುದ್ಧನ ಉಪದೇಶಗಳಿರುವ ಪಾಲಿ ಭಾಷೆಯಲ್ಲೂ ಸುಂಕವೇ. ಭಿಕ್ಷುಗಳ ನಿಯಮಗಳಿರುವ ವಿನಯಪಿಟಕದಲ್ಲಿ ಕಳ್ಳತನದ ನಿಯಮ ಬರುವ ಕಡೆ 'ಸುಂಕಘಾತ' ಅಂತ ಒಂದು ಪದ ಇದೆ. ಅಂದರೆ ಸುಂಕದ ಕಟ್ಟೆ. ಬೆಟ್ಟದ ಕಣಿವೆಯಲ್ಲೋ, ಹೊಳೆ ದಾಟುವ ಕಡೆಯೋ, ಊರ ಅಗಸಿಯಲ್ಲೋ ರಾಜ ಇಟ್ಟ ಕಟ್ಟೆ. ಸುಂಕ ಕೊಡಬೇಕಾದ, ಐದು ಮಾಸಕ (ಆ ಕಾಲದ ನಾಣ್ಯ) ಅಥವಾ ಅದಕ್ಕೂ ಜಾಸ್ತಿ ಬೆಲೆಯ ವಸ್ತು ಇಟ್ಟುಕೊಂಡು, ತಪ್ಪಿಸಬೇಕು ಅನ್ನುವ ಮನಸ್ಸಿನಿಂದ ಭಿಕ್ಷುವೊಬ್ಬ ಆ ಗಡಿ ದಾಟಿದ ಅಂತಿಟ್ಟುಕೊಳ್ಳಿ. ಮೊದಲ ಹೆಜ್ಜೆ ಆಚೆ ಇಟ್ಟರೆ ಗಂಭೀರ ತಪ್ಪು. ಎರಡನೇ ಹೆಜ್ಜೆಯೂ ಆಚೆ ಹೋಯಿತೋ, ಅವನು ಅಲ್ಲಿಂದ ಭಿಕ್ಷುವೇ ಅಲ್ಲ. ಇದಕ್ಕೆ ಪಾರಾಜಿಕ ಅನ್ನುತ್ತಾರೆ. ಸಂಘದಿಂದ ಪೂರ್ತಿ ಹೊರಗೆ ಹಾಕುವ ತಪ್ಪುಗಳು ಭಿಕ್ಷುಗಳಿಗೆ ನಾಲ್ಕೇ ನಾಲ್ಕು. ಮನುಷ್ಯನನ್ನು ಕೊಲ್ಲುವುದು ಅದರಲ್ಲಿ ಒಂದು. ಕಳ್ಳತನ ಇನ್ನೊಂದು, ಮತ್ತು ಸುಂಕ ತಪ್ಪಿಸುವುದು ಆ ಕಳ್ಳತನದ ಒಳಗೇ ಬರುತ್ತದೆ. ಪಾಲಿ ಪಾಠ ಹೇಳುವಾಗ ಈ ಜಾಗಕ್ಕೆ ಬಂದರೆ ವಿದ್ಯಾರ್ಥಿಗಳು ಒಂದು ಸಲ ತಲೆ ಎತ್ತಿ ನೋಡುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಇಷ್ಟು ಹತ್ತಿರ ಇರುತ್ತದೆ ಅಂತ ಯಾರೂ ಅಂದುಕೊಂಡಿರುವುದಿಲ್ಲ.

ಅಲ್ಲೇ ಇನ್ನೊಂದು ಪ್ರಸಂಗ ಇದೆ. ಒಬ್ಬ ಮನುಷ್ಯ ಸುಂಕದ ಕಟ್ಟೆ ಕಂಡ ಕೂಡಲೇ ತನ್ನ ಬೆಲೆಬಾಳುವ ಮಣಿಯನ್ನು ಒಬ್ಬ ಭಿಕ್ಷುವಿನ ಜೋಳಿಗೆಗೆ, ಅವನಿಗೆ ತಿಳಿಯದ ಹಾಗೆ ಸೇರಿಸುತ್ತಾನೆ. ಕಟ್ಟೆ ದಾಟಿದ ಮೇಲೆ ವಾಪಸು ತೆಗೆದುಕೊಳ್ಳುತ್ತಾನೆ. ಭಿಕ್ಷುವಿಗೆ ಹೊಟ್ಟೆಯಲ್ಲಿ ತಳಮಳ, ನಾನು ಕೆಟ್ಟೆನಾ ಅಂತ. ಗೊತ್ತಿಲ್ಲದವನಿಗೆ ತಪ್ಪಿಲ್ಲ ಅನ್ನುತ್ತಾನೆ ಬುದ್ಧ. ಮಾಲು ದಾಟಿದ್ದು ಒಂದೇ ಥರ. ಮನಸ್ಸು ಬೇರೆ. ಇದನ್ನು ನೆನಪಿಡಿ, ನಿಮ್ಮ ಶಸ್ತ್ರದ ಪ್ರಶ್ನೆಗೆ ಬೇಕಾಗುತ್ತದೆ.

ಮೂರನೆಯದು ನಿಮ್ಮ ಅಂಗಡಿಗೇ ಹೇಳಿ ಬರೆಸಿದ ಹಾಗಿದೆ. ರಾಜಗೃಹದಿಂದ ವ್ಯಾಪಾರಿಗಳ ಒಂದು ತಂಡ ಹೊರಟಿದೆ. ಒಬ್ಬ ಭಿಕ್ಷು ನಾನೂ ಬರುತ್ತೇನೆ ಅನ್ನುತ್ತಾನೆ. ನಾವು ಸುಂಕ ತಪ್ಪಿಸಿ ಹೋಗುವವರು ಸ್ವಾಮಿ, ಅನ್ನುತ್ತಾರೆ ಅವರು. ಅದು ನಿಮಗೆ ಬಿಟ್ಟದ್ದು ಅಂತ ಹೇಳಿ ಇವನು ಜೊತೆಗೆ ಹೊರಡುತ್ತಾನೆ. ಸುಂಕದವರಿಗೆ ಸುದ್ದಿ ಹೋಗುತ್ತದೆ, ದಾರಿ ಕಟ್ಟುತ್ತಾರೆ, ಎಲ್ಲರನ್ನೂ ಹಿಡಿಯುತ್ತಾರೆ. ಗೊತ್ತಿದ್ದೂ ಕಳ್ಳರ ತಂಡದ ಜೊತೆ ಯಾಕೆ ಬಂದಿರಿ ಅಂತ ಭಿಕ್ಷುವನ್ನು ಕೇಳುತ್ತಾರೆ. ಆಮೇಲೆ ಹೊಸ ನಿಯಮವೇ ಆಗುತ್ತದೆ: ಗೊತ್ತಿದ್ದೂ ಮಾತಾಡಿಕೊಂಡು ಕಳ್ಳರ ತಂಡದ ಜೊತೆ ದಾರಿ ನಡೆಯಬಾರದು. ಗಮನಿಸಿ, ಅವರು ಯಾರ ಮನೆಗೂ ಕನ್ನ ಹಾಕಿದವರಲ್ಲ. ಸುಂಕ ತಪ್ಪಿಸಿದವರು, ಅಷ್ಟೇ. ಗ್ರಂಥ ಅವರನ್ನು ಕಳ್ಳರು ಅಂತಲೇ ಕರೆಯುತ್ತದೆ.

ಇವು ಭಿಕ್ಷುಗಳ ನಿಯಮ, ಸಂಸಾರಿಗಳಿಗೆ ಯಾಕೆ ಅಂತ ನಿಮ್ಮಣ್ಣ ಕೇಳಬಹುದು. ಸಂಸಾರಿಗಳಿಗೆ ಹೇಳಿದ್ದು ಬೇರೆಯೇ ಇದೆ. ಅನಾಥಪಿಂಡಿಕ ಶ್ರಾವಸ್ತಿಯ ದೊಡ್ಡ ಸಾಹುಕಾರ. ಬೆವರು ಸುರಿಸಿ, ಧರ್ಮದಿಂದ ಗಳಿಸಿದ ಹಣವನ್ನು ಹೇಗೆ ಬಳಸಬೇಕು ಅಂತ ಬುದ್ಧ ಅವನಿಗೆ ವಿವರಿಸುತ್ತಾನೆ. ಮೊದಲು ನೀನು, ಅಪ್ಪ-ಅವ್ವ, ಹೆಂಡತಿ-ಮಕ್ಕಳು, ಆಳುಕಾಳುಗಳು ಸುಖವಾಗಿರಬೇಕು. ಆಪತ್ತಿಗೆ ಉಳಿಸಬೇಕು. ಆಮೇಲೆ ಐದು 'ಬಲಿ' ಕೊಡಬೇಕು: ಬಂಧುಗಳಿಗೆ, ಅತಿಥಿಗಳಿಗೆ, ತೀರಿಹೋದ ಹಿರಿಯರಿಗೆ, ರಾಜನಿಗೆ, ದೇವತೆಗಳಿಗೆ. ಬಲಿ ಅಂದ ಕೂಡಲೇ ನಮಗೆ ಕುರಿ-ಕೋಣ ನೆನಪಾಗುತ್ತವೆ. ಆ ಕಾಲಕ್ಕೆ ದೇವರಿಗೆ ಇಡುವ ಎಡೆಯೂ ಬಲಿ, ರಾಜನಿಗೆ ಕೊಡುವ ಕಂದಾಯವೂ ಬಲಿ. ಅಶೋಕ ಲುಂಬಿನಿಗೆ ಹೋದಾಗ, ಬುದ್ಧ ಹುಟ್ಟಿದ ಊರು ಇದು ಅಂತ ಅಲ್ಲಿಯವರ ಬಲಿಯನ್ನು ಮಾಫಿ ಮಾಡಿ, ಎಂಟನೇ ಒಂದು ಪಾಲು ಕೊಟ್ಟರೆ ಸಾಕು ಅಂತ ಕಂಬದ ಮೇಲೆ ಬರೆಸಿದ್ದಾನೆ. ಆ ಶಾಸನದಲ್ಲೂ ಇರುವುದು ಇದೇ ಪದ. ಹೀಗೆ ಬುದ್ಧನ ಪಟ್ಟಿಯಲ್ಲಿ ತೆರಿಗೆಯ ಜಾಗ ನೋಡಿ. ಮನೆಗೆ ಬಂದ ಬೀಗರಿಗೆ ಬಡಿಸುವ ಊಟದ ಪಕ್ಕದಲ್ಲಿ, ಹಿರಿಯರಿಗೆ ಇಡುವ ಎಡೆಯ ಪಕ್ಕದಲ್ಲಿ.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮಣ್ಣನಿಗೆ ಅನ್ಯಾಯ ಆಗುತ್ತದೆ. ಯಾಕೆಂದರೆ ಅವರ ಮಾತಿಗೂ ಬುದ್ಧನ ಬಾಯಲ್ಲೇ ಒಂದು ಆಧಾರ ಇದೆ. ಕೋಲಿಯ ಕುಲದವರ ಊರಿನಲ್ಲಿ ದೀಘಜಾಣು ಅನ್ನುವ ಗೃಹಸ್ಥ ಬಂದು, ನಾವು ಹೆಂಡತಿ-ಮಕ್ಕಳು ಕಟ್ಟಿಕೊಂಡವರು, ಗಂಧ ಪೂಸಿಕೊಳ್ಳುವವರು, ನಮಗೆ ಆಗುವಂಥದ್ದು ಏನಾದರೂ ಹೇಳಿ ಅಂತ ಕೇಳುತ್ತಾನೆ. ಗಳಿಸಿದ್ದನ್ನು ಕಾಪಾಡಿಕೋ ಅನ್ನುತ್ತಾನೆ ಬುದ್ಧ. ಯಾರಿಂದ? ರಾಜರು ಒಯ್ಯದ ಹಾಗೆ, ಕಳ್ಳರು ಕದಿಯದ ಹಾಗೆ, ಬೆಂಕಿ ಸುಡದ ಹಾಗೆ, ನೀರು ಕೊಚ್ಚದ ಹಾಗೆ, ಬೇಡದ ವಾರಸುದಾರರ ಪಾಲಾಗದ ಹಾಗೆ. ಪಟ್ಟಿಯಲ್ಲಿ ಮೊದಲ ಹೆಸರೇ ರಾಜರದು. ಕಳ್ಳರಿಗಿಂತ ಮುಂಚೆ! ಆಳುವವರು ದೋಚಬಹುದು ಅನ್ನುವುದು ಬುದ್ಧನಿಗೆ ಚೆನ್ನಾಗಿ ಗೊತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಕಟ್ಟಿದ ನಮ್ಮ ಹಿರಿಯರಿಗೂ ಗೊತ್ತಿತ್ತು.

ಗೊತ್ತಿದ್ದವನು ರಾಜನಿಗೆ ಏನು ಹೇಳಿದ ಅನ್ನುವುದು ಕೂಟದಂತ ಸುತ್ತದಲ್ಲಿದೆ (ಸುತ್ತ ಅಂದರೆ ಬುದ್ಧನ ಒಂದು ಉಪದೇಶ). ನನಗೆ ಬಹಳ ಪ್ರೀತಿಯ ಸುತ್ತ ಅದು. ಬುದ್ಧ ಅಲ್ಲಿ ಒಂದು ಕಥೆ ಹೇಳುತ್ತಾನೆ. ಮಹಾವಿಜಿತ ಅನ್ನುವ ರಾಜ ದೊಡ್ಡ ಯಜ್ಞ ಮಾಡಲು ಹೊರಡುತ್ತಾನೆ. ಅವನ ಪುರೋಹಿತ ತಡೆಯುತ್ತಾನೆ. ದೇಶದಲ್ಲಿ ಊರುಗಳು ಲೂಟಿ ಆಗುತ್ತಿವೆ, ದಾರಿಯಲ್ಲಿ ದರೋಡೆ ನಡೆದಿದೆ, ಇಂಥ ಹೊತ್ತಲ್ಲಿ ನೀನು ತೆರಿಗೆ ಏರಿಸಿದರೆ ಮಾಡಬಾರದ್ದನ್ನು ಮಾಡಿದ ಹಾಗೆ. ಹೊಡೆದು ಬಡಿದು ಗಲ್ಲಿಗೆ ಹಾಕಿದರೂ ಕಳ್ಳರು ಮುಗಿಯುವುದಿಲ್ಲ, ಉಳಿದವರು ಮತ್ತೆ ಕಾಡುತ್ತಾರೆ. ಉಳುವವನಿಗೆ ಬೀಜ ಕೊಡು, ದನ ಸಾಕುವವನಿಗೆ ಮೇವು ಕೊಡು, ವ್ಯಾಪಾರ ಮಾಡುವವನಿಗೆ ಬಂಡವಾಳ ಕೊಡು, ಚಾಕರಿ ಮಾಡುವವನಿಗೆ ಊಟ ಮತ್ತು ಸಂಬಳ ಕೊಡು. ಎಲ್ಲರೂ ಅವರವರ ಕೆಲಸದಲ್ಲಿ ಇರುತ್ತಾರೆ. ನಿನ್ನ ಬೊಕ್ಕಸ ತಾನಾಗಿ ತುಂಬುತ್ತದೆ. ರಾಜ ಹಾಗೆಯೇ ಮಾಡುತ್ತಾನೆ. ಜನ ಮಕ್ಕಳನ್ನು ಎದೆಯ ಮೇಲೆ ಕುಣಿಸುತ್ತ, ಬಾಗಿಲು ತೆರೆದಿಟ್ಟುಕೊಂಡು ಇದ್ದರು ಅಂತ ಬರುತ್ತದೆ.

ಅಂದರೆ ಬುದ್ಧ ಎರಡೂ ಕಡೆ ಮಾತಾಡಿದ್ದಾನೆ. ಕೊಡುವವನಿಗೆ ಕೊಡು ಅಂದ. ತೆಗೆದುಕೊಳ್ಳುವವನಿಗೆ ನ್ಯಾಯವಾಗಿ ತೆಗೆದುಕೋ, ತೆಗೆದುಕೊಂಡಿದ್ದನ್ನು ಜನರಿಗೇ ತಿರುಗಿಸು ಅಂದ. ಎರಡನೆಯವನು ತಪ್ಪಿದ ಅಂತ ಮೊದಲನೆಯವನಿಗೆ ಕದಿಯುವ ಹಕ್ಕು ಬರುತ್ತದೆ ಅಂತ ಮಾತ್ರ ಎಲ್ಲೂ ಹೇಳಲಿಲ್ಲ. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂತಲ್ಲ, ಆಗ ಜಿಎಸ್‌ಟಿಯೇ ಇಲ್ಲದ ತರಕಾರಿ ಮಾರುವವರಿಗೂ ಹೋಯಿತು. ಅದು ತಪ್ಪು ಅಂತ ಗಟ್ಟಿಯಾಗಿ ಹೇಳಬೇಕು. ನಾನೂ ಹೇಳಿದ್ದೇನೆ. ಆ ತಪ್ಪನ್ನು ನಮ್ಮ ಕಚ್ಚಾ ಚೀಟಿಗೆ ನೆಪ ಮಾಡಿಕೊಳ್ಳುವುದು ಬೇರೆ ಮಾತು.

ಚೆನ್ನಮ್ಮನ ವಿಷಯ. ನಿಮ್ಮಣ್ಣನಿಗೆ ದಯವಿಟ್ಟು ಇದನ್ನು ಮೆಲ್ಲಗೆ ಹೇಳಿ. 1824ರಲ್ಲಿ ದತ್ತು ಒಪ್ಪದೆ ಕಿತ್ತೂರನ್ನೇ ನುಂಗಲು ಬಂದ ಕಂಪನಿ ಸರ್ಕಾರಕ್ಕೆ ರಾಣಿ ಎಲ್ಲರೆದುರು ಇಲ್ಲ ಅಂದರು. ಅದರ ಬೆಲೆಯನ್ನೂ ತೆತ್ತರು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲೇ ಪ್ರಾಣ ಬಿಟ್ಟರು. 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿದಾಗಲೂ ಹಾಗೆಯೇ. ಕೊಡುವುದಿಲ್ಲ ಅಂತ ಸಾರಿ ಹೇಳಿದರು, ಹೊಲ-ಮನೆ ಜಪ್ತಿ ಆದರೂ ಸಹಿಸಿದರು. ಅವರು ಯಾರೂ ಮುಚ್ಚಿಡಲಿಲ್ಲ, ಅಲ್ವಾ? ಅಂಗಡಿಯ ಮುಂದೆ ಬೋರ್ಡ್ ಹಾಕಿ, ಇಂಥ ಕಾರಣಕ್ಕೆ ನಾನು ತೆರಿಗೆ ಕಟ್ಟುವುದಿಲ್ಲ, ಬಂದು ಹಿಡಿಯಿರಿ ಅನ್ನುವ ಧೈರ್ಯ ಅಣ್ಣನಿಗಿದ್ದರೆ ಅದನ್ನು ಬೇರೆ ರೀತಿಯಲ್ಲಿ ಚರ್ಚಿಸೋಣ. ಸುಳ್ಳು ಲೆಕ್ಕಕ್ಕೆ ಎರಡು ಶೀಲ ಮುರಿಯುತ್ತವೆ, ಕದಿಯುವುದು ಒಂದು, ಹುಸಿ ಇನ್ನೊಂದು.

ನಾನು ವಿಜಯಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಅಡತಿ ಅಂಗಡಿಯಲ್ಲಿ ಸಂಜೆ ಲೆಕ್ಕ ಬರೆಯುತ್ತಿದ್ದೆ. ಎರಡು ಕಿರ್ದಿ ಇದ್ದವು. ಕೆಂಪು ಬಟ್ಟೆಯ ರಟ್ಟಿನದು ಮೇಜಿನ ಮೇಲೆ. ಇನ್ನೊಂದು ಇನ್ನೂರು ಪುಟದ ಶಾಲೆ ನೋಟುಬುಕ್ಕು, ಮಾಲೀಕರು ಕೂರುವ ಗಾದಿಯ ಕೆಳಗೆ. ಎರಡರಲ್ಲೂ ಇದ್ದದ್ದು ನನ್ನದೇ ಅಕ್ಷರ. ಹೊರಗೆ ಜೀಪಿನ ಸದ್ದು ಕೇಳಿದರೆ ಮಾಲೀಕರ ಅಂಗೈ ತಾನಾಗಿ ಗಾದಿಯ ಅಂಚಿಗೆ ಹೋಗುತ್ತಿತ್ತು. ಗಿರಾಕಿ ಜೊತೆ ನಗುತ್ತ ಮಾತಾಡುತ್ತಿದ್ದರೂ ಕೈ ಅಲ್ಲಿಗೇ. ಜೀಪು ಮುಂದೆ ಹೋದ ಮೇಲೆ ಕೈ ವಾಪಸು. ದಿನಕ್ಕೆ ಎಷ್ಟು ಸಲವೋ! ಮುಂದೆ ಪಾಲಿ ಓದುವಾಗ ಅನಾಥಪಿಂಡಿಕನಿಗೆ ಹೇಳಿದ ನಾಲ್ಕು ಸುಖಗಳ ಮಾತು ಬಂತು. ಹಣ ಇರುವ ಸುಖ, ಅದನ್ನು ಉಣ್ಣುವ ಸುಖ, ಸಾಲ ಇಲ್ಲದ ಸುಖ, ತಪ್ಪಿಲ್ಲದ ಸುಖ. ಮೊದಲ ಮೂರೂ ಸೇರಿದರೂ ಕೊನೆಯದರ ಹದಿನಾರನೇ ಒಂದು ಪಾಲಿಗೆ ಬಾರವು ಅಂತ ಅಲ್ಲಿದೆ. ಓದಿದ ಕೂಡಲೇ ನನಗೆ ಆ ಅಂಗೈ ನೆನಪಾಯಿತು. ಆ ಮನುಷ್ಯನಿಗೆ ಮೊದಲ ಮೂರೂ ಇದ್ದವು.

ಶಸ್ತ್ರದ ಪ್ರಶ್ನೆಗೆ ಜಾಸ್ತಿ ಹೇಳುವುದಿಲ್ಲ. ಚೇತನವನ್ನೇ, ಅಂದರೆ ಮನಸ್ಸಿನ ಉದ್ದೇಶವನ್ನೇ ನಾನು ಕರ್ಮ ಅನ್ನುತ್ತೇನೆ ಅಂದವನು ಬುದ್ಧ. ಜೋಳಿಗೆಯಲ್ಲಿ ಮಣಿ ಇದ್ದ ಭಿಕ್ಷುವನ್ನು ನೆನಪಿಸಿಕೊಳ್ಳಿ. ನಿಮ್ಮದು ಪೂರ್ತಿ ಹಾಗಲ್ಲ, ಏಕೆಂದರೆ ಹಣ ಎಲ್ಲಿಗೆ ಹೋಗುತ್ತದೆ ಅನ್ನುವ ಅಂದಾಜು ನಿಮಗಿದೆ. ಆದರೆ ರಿಟರ್ನ್ ತುಂಬುವಾಗ ನಿಮ್ಮ ಮನಸ್ಸಿನಲ್ಲಿ ಕೊಲ್ಲುವ ಇಚ್ಛೆ ಇರುವುದಿಲ್ಲ. ಯುದ್ಧ ಬೇಡ ಅನಿಸಿದರೆ ಬರೆಯಿರಿ, ಮಾತಾಡಿ, ಮತ ಹಾಕಿ. ಸಿಮೆಂಟಿನ ಚೀಲ ಬಿಲ್ ಇಲ್ಲದೆ ಮಾರಿದರೆ ಒಂದು ಗುಂಡೂ ಕಡಿಮೆ ಆಗುವುದಿಲ್ಲ.

ಇನ್ನು ನಿಮ್ಮ ಗೆಳೆಯ. ನಿಜ ಹೇಳಬೇಕೆಂದರೆ ನನಗೆ ನಿಮ್ಮಣ್ಣನ ಮಾತಿಗಿಂತ ಈ ಗೆಳೆಯನ ಮಾತೇ ಹೆಚ್ಚು ಕಳವಳ ತಂದಿತು. ಅಣ್ಣನ ಮಾತಿನಲ್ಲಿ ಸಿಟ್ಟಿದೆ, ಕಣ್ಣಿಗೆ ಕಾಣುತ್ತದೆ. ಗೆಳೆಯನ ಮಾತು ಧಮ್ಮದ, ಅಂದರೆ ಬುದ್ಧನ ಬೋಧನೆಯ, ಬಟ್ಟೆ ಹಾಕಿಕೊಂಡು ಬಂದಿದೆ. ದೃಷ್ಟಿಯ ಅಂಟು, ಪಾಲಿಯಲ್ಲಿ ದಿಟ್ಠುಪಾದಾನ, ನಾಲ್ಕು ಅಂಟುಗಳಲ್ಲಿ ಒಂದು ಅನ್ನುವುದು ಸರಿ. ಅದನ್ನು ಬಿಡಬೇಕು ಅನ್ನುವುದೂ ಸರಿ. ಆದರೆ ಬಿಡಬೇಕಾದ್ದು ಅಂಟನ್ನು. ಶೀಲವನ್ನಲ್ಲ. ಕದ್ದರೂ ಪಾಪವಿಲ್ಲ, ಕೊಂದರೂ ಪಾಪವಿಲ್ಲ ಅಂತ ಬೋಧಿಸುತ್ತಿದ್ದ ಪೂರಣ ಕಸ್ಸಪ ಬುದ್ಧನ ಕಾಲದಲ್ಲೇ ಇದ್ದ. ಬುದ್ಧ ಅವನ ಜೊತೆ ಕೂಡಲಿಲ್ಲ.

ಅರಿಟ್ಠ ಅನ್ನುವ ಭಿಕ್ಷುವಿನ ಕಥೆಯೂ ಇದಕ್ಕೆ ಸರಿಹೊಂದುತ್ತದೆ. ಬುದ್ಧ ಅಡ್ಡಿ ಅಂದ ಸಂಗತಿಗಳು ನಿಜವಾಗಿ ಅಡ್ಡಿಯೇ ಅಲ್ಲ, ಉಪದೇಶವನ್ನು ನಾನು ಹಾಗೆ ತಿಳಿದಿದ್ದೇನೆ ಅಂತ ಅವನು ಹಟ ಹಿಡಿದಿದ್ದ. ಆಗ ಬುದ್ಧ ಹಾವಿನ ಹೋಲಿಕೆ ಕೊಟ್ಟ. ಹಾವನ್ನು ಬಾಲದ ಕಡೆ ಹಿಡಿದರೆ ತಿರುಗಿ ಕಚ್ಚುತ್ತದೆ, ಧಮ್ಮವೂ ಹಾಗೆ. ತೆಪ್ಪದ ಹೋಲಿಕೆ ಬರುವುದೂ ಅದೇ ಸುತ್ತದಲ್ಲಿ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆ ಮೇಲೆ ಹೊತ್ತು ತಿರುಗಬೇಡ. ಕೃಷ್ಣೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುಹೊಳೆಯಲ್ಲಿ ತೆಪ್ಪ ಬಿಡು ಅಂತ ಯಾವ ಅಂಬಿಗನೂ ಹೇಳುವುದಿಲ್ಲ.

ಹಾಗಾದರೆ ಅಂಟು ಎಲ್ಲಿದೆ? ನಿಮ್ಮ ಪತ್ರದ ಕೊನೆಯಲ್ಲಿದೆ. ಎರಡು ತಿಂಗಳು ಕೂತು ಉಂಡಿಲ್ಲ ಅನ್ನುವ ಕಡೆ.

ಗೃಧ್ರಕೂಟ ಬೆಟ್ಟದ ಗುಹೆಯಲ್ಲಿ ದೀಘನಖ ಅನ್ನುವ ಪರಿವ್ರಾಜಕ (ಊರೂರು ತಿರುಗುವ ಸನ್ಯಾಸಿ) ಬುದ್ಧನಿಗೆ, ನನಗೆ ಯಾವುದೂ ಒಪ್ಪಿಗೆ ಇಲ್ಲ ಅನ್ನುತ್ತಾನೆ. ನಿನ್ನ ಈ ದೃಷ್ಟಿಯಾದರೂ ಒಪ್ಪಿಗೆಯೋ ಅಂತ ಬುದ್ಧ ಕೇಳುತ್ತಾನೆ. ಆಮೇಲೆ ಹೇಳುವುದು ಮುಖ್ಯ. 'ಇದೊಂದೇ ಸತ್ಯ, ಉಳಿದದ್ದೆಲ್ಲ ಸುಳ್ಳು' ಅಂತ ನಾನು ಗಟ್ಟಿ ಹಿಡಿದರೆ, ಬೇರೆ ಥರ ನಂಬಿದವರ ಜೊತೆ ತಿಕ್ಕಾಟ ಆಗುತ್ತದೆ. ತಿಕ್ಕಾಟದಿಂದ ವಾದ, ವಾದದಿಂದ ಜಗಳ, ಜಗಳದಿಂದ ನೋವು. ಇದನ್ನು ಕಂಡ ಜಾಣ ಆ ಹಿಡಿತ ಬಿಡುತ್ತಾನೆ, ಹೊಸದೊಂದನ್ನೂ ಹಿಡಿಯುವುದಿಲ್ಲ. ಬುದ್ಧನ ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಶಿಷ್ಯ ಸಾರಿಪುತ್ತನಿಗೆ ಪೂರ್ತಿ ಬಿಡುಗಡೆ ಆದದ್ದು ಈ ಮಾತುಕತೆ ಕೇಳುತ್ತಲೇ.

ಇದನ್ನು ಅಂಗಡಿಗೆ ತನ್ನಿ. 'ನಾನು ಕಚ್ಚಾ ಚೀಟಿ ಬರೆಯುವುದಿಲ್ಲ' ಅನ್ನುವುದು ಶೀಲ. 'ಅಣ್ಣ ಕಳ್ಳ, ನಾನು ಶುದ್ಧ' ಅನ್ನುವುದು ದೃಷ್ಟಿ. ಮೊದಲನೆಯದಕ್ಕೆ ಎರಡನೆಯದು ಬೇಕಾಗಿಲ್ಲ. ಎರಡೂ ಒಟ್ಟಿಗೆ ಬರುವುದರಿಂದ ಒಂದೇ ಅನಿಸುತ್ತದೆ. ನನಗೂ ಹಾಗೇ ಆಯಿತು. ಪಾಲಿ ಓದಿದ ಹೊಸದರಲ್ಲಿ ಆ ಅಡತಿ ಮಾಲೀಕರ ಮುಂದೆ ನಿಂತು ದೊಡ್ಡ ಉಪದೇಶ ಮಾಡಿ ಕೆಲಸ ಬಿಟ್ಟೆ. ನನ್ನ ಎರಡು ವರ್ಷದ ಕಾಲೇಜು ಫೀ ಕಟ್ಟಿದವರು ಅವರೇ. ಅವರು ಒಂದು ಮಾತೂ ಆಡಲಿಲ್ಲ, ಬಾಕಿ ಸಂಬಳ ಎಣಿಸಿ ಕೊಟ್ಟರು. ಆಮೇಲೆ ನಾನು ಅವರನ್ನು ನೋಡಲು ಹೋಗಲೇ ಇಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ತಿಂಗಳು ತಡವಾಗಿ. ಆ ಕೆಲಸ ಬಿಟ್ಟದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಬಿಟ್ಟ ರೀತಿಗೆ ಇದೆ.

ಚಂಕಿ ಸುತ್ತದಲ್ಲಿ ಬುದ್ಧ ಒಂದು ಸುಲಭದ ದಾರಿ ಹೇಳುತ್ತಾನೆ. 'ಇದು ನನ್ನ ನಂಬಿಕೆ' ಅನ್ನು, ಅಷ್ಟಕ್ಕೆ ನೀನು ಸತ್ಯವನ್ನು ಕಾಪಾಡಿದ ಹಾಗೆ. 'ಇದೊಂದೇ ಸತ್ಯ' ಅಂತ ಮುಂದಕ್ಕೆ ಹೋಗಬೇಡ. ಅಣ್ಣನಿಗೆ ಹೀಗೆ ಹೇಳಬಹುದು: "ಅಣ್ಣಾ, ನೀ ಹೇಳೋದರಲ್ಲಿ ಖರೇ ಅದ. ರಸ್ತೆ ಹಾಳಾಗಿದೆ, ಲಂಚ ಇದೆ. ಆದರೂ ನನ್ನ ಕೈಯಿಂದ ಆ ಚೀಟಿ ಬರೆಯೋಕೆ ಆಗೋದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ." ಇಷ್ಟೇ.

ಹಾಗಂತ ಅಣ್ಣ ಬರೆಯಲಿ, ನಾನು ಸುಮ್ನೆ ಇರುತ್ತೇನೆ ಅನ್ನುವ ಹಾಗೂ ಇಲ್ಲ. ಆ ಭಿಕ್ಷು ತಂಡದ ಜೊತೆ ನಡೆದವನು ಮಾತ್ರ. ನೀವು ಅಂಗಡಿಯ ಪಾಲುದಾರರು, ಗಲ್ಲಾಪೆಟ್ಟಿಗೆಯ ಅರ್ಧ ನಿಮ್ಮದು. ಆದ್ದರಿಂದ ವಾದ ಬಿಟ್ಟು ಲೆಕ್ಕಕ್ಕೆ ಬನ್ನಿ. ಒಂದು ಭಾನುವಾರ ಇಬ್ಬರೂ ನಿಮ್ಮ ಸಿಎ ಹತ್ತಿರ ಹೋಗಿ. ಕಾನೂನೇ ಬಿಟ್ಟುಕೊಟ್ಟಿದ್ದನ್ನು ಉಳಿಸಿಕೊಳ್ಳುವುದು ಕಳ್ಳತನವಲ್ಲ, ಅದನ್ನು ಮೊದಲು ಪೂರ್ತಿ ಬಳಸಿಕೊಳ್ಳಿ. ವರ್ಷದ ವಹಿವಾಟು ಒಂದೂವರೆ ಕೋಟಿ ಒಳಗಿದ್ದರೆ, ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿ ವ್ಯಾಪಾರಿಗೆ ಶೇಕಡ 1 ಮಾತ್ರ. ಆದರೆ ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ, ಗಡಿಯಾಚೆ ಮಹಾರಾಷ್ಟ್ರಕ್ಕೆ ಮಾಲು ಮಾರುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಬಿಲ್ ಬೇಡ ಅನ್ನುವ ಗಿರಾಕಿಯನ್ನು ಒಪ್ಪಿಸುವುದು ಮೊದಲಿಗಿಂತ ಸ್ವಲ್ಪ ಸುಲಭ. ಹಳೆಯ ವರ್ಷಗಳ ಆದಾಯ ಬಿಟ್ಟುಹೋಗಿದ್ದರೆ ಆದಾಯ ತೆರಿಗೆಯ ಅಪ್‌ಡೇಟೆಡ್ ರಿಟರ್ನ್ ಹಾಕಲು ಈಗ 48 ತಿಂಗಳ ಅವಕಾಶ ಇದೆ. ತಡವಾದಷ್ಟೂ ಹೆಚ್ಚುವರಿ ತೆರಿಗೆ ಏರುತ್ತದೆ. ಜಿಎಸ್‌ಟಿಯಲ್ಲಿ ತಾವಾಗಿ ಕಟ್ಟಲು ಡಿಆರ್‌ಸಿ-03 ಅನ್ನುವ ನಮೂನೆ ಇದೆ. ಎಲ್ಲ ಒಂದೇ ದಿನ ಆಗದಿರಬಹುದು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹೊಸ ಮಾಲಿಗೆ ಪಕ್ಕಾ ಬಿಲ್ ಮಾತ್ರ ಅಂತ ಅಣ್ಣ ಒಪ್ಪಿದರೂ ಅದು ದೊಡ್ಡದು. ಏನೇ ಮಾಡಿದರೂ ಒಪ್ಪದಿದ್ದರೆ ಪಾಲು ಬೇರೆ ಮಾಡಿಕೊಳ್ಳುವ ಮಾತು ಬರುತ್ತದೆ. ಬಂದರೆ ಬರಲಿ. ಅದನ್ನೂ ಪ್ರೀತಿ ಕೆಡದ ಹಾಗೆ ಮಾಡಲು ಬರುತ್ತದೆ.

ಐಹೊಳೆ ನಿಮ್ಮ ಜಿಲ್ಲೆಯಲ್ಲೇ ಇದೆ. ಮೇಗುತಿ ಗುಡ್ಡ ಹತ್ತುವ ದಾರಿಯಲ್ಲಿ ಎರಡು ಅಂತಸ್ತಿನ ಒಂದು ಬೌದ್ಧ ಗುಡಿ ಇದೆ. ಜಗಲಿಯ ಮಾಡಿನಲ್ಲಿ ಕೂತ ಬುದ್ಧನ ಶಿಲ್ಪ, ತಲೆ ಎತ್ತಿ ನೋಡಬೇಕು. ಐಹೊಳೆಯ ಐನೂರ್ವರು ಅನ್ನುವ ವ್ಯಾಪಾರಿ ಸಂಘದವರು ದೇಶಾಂತರ ವ್ಯಾಪಾರ ಮಾಡಿದವರು. ಪೆರ್ಜುಂಕ, ವಡ್ಡರಾವುಳ ಅಂತ ಸುಂಕದ ಹೆಸರುಗಳನ್ನು ಕಲ್ಲಿನಲ್ಲಿ ಬರೆಸಿಟ್ಟ ನಾಡು ಇದು. ಮುಚ್ಚಿಡುವ ಲೆಕ್ಕವಾಗಿರಲಿಲ್ಲ ಅದು. ಅಣ್ಣನನ್ನು, ವೈನಿಯನ್ನು, ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.

ಅದು ಆಮೇಲೆ. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದಾಗ ಅಣ್ಣನ ಪಕ್ಕದಲ್ಲೇ ತಾಟು ಹಾಕಿಸಿಕೊಳ್ಳಿ. ತೆರಿಗೆಯ ಮಾತು ಎತ್ತಬೇಡಿ. ಅವರು ಎತ್ತಿದರೆ, ಭಾನುವಾರ ಸಿಎ ಹತ್ತಿರ ಹೋಗೋಣ ಅಣ್ಣಾ, ಈಗ ರೊಟ್ಟಿ ಆರುತ್ತದೆ ಅನ್ನಿ.